ಲಕ್ಸುರಿ ಬಚ್ಚಲು

ಹಗ್ಗ ಚೋರನೂರಿನದು. ಒಂದು ಕಾಲದಲ್ಲಿ ಅಲ್ಲಿಯ ಸೇದುಬಾವಿಗೆ ಕೊಡ ಇಳಿಸಿ ಎತ್ತಿದ ಹಗ್ಗ. ಬಾವಿ ಹಾಳುಬಿದ್ದ ಮೇಲೆ ಉಚ್ಚೆಂಗಮ್ಮ ಅದನ್ನು ಸುತ್ತಿ ಟ್ರಂಕಿನೊಳಗೆ ಹಾಕಿಕೊಂಡು ಮಗನ ಹಿಂದೆ ಹೊಸಪೇಟೆಗೆ ಬಂದಿದ್ದಳು. "ಇಲ್ಲಿ ನಳ ಐತಿ ಬೇ, ಹಗ್ಗ ತಗಂಡು ಏನ್ ಸೇದ್ತಿ?" ಎಂದು ಮಗ ಹುಸೇನಪ್ಪ ನಕ್ಕಿದ್ದ.

ಆ ಹಗ್ಗ ಈಗ ಹಿತ್ತಲಲ್ಲಿ ಬಚ್ಚಲು ಸಂಡಾಸು ಎರಡೂ ಆದ ಕೋಣೆಯ ತಗಡಿನ ಕೆಳಗೆ, ಕಬ್ಬಿಣದ ಪೈಪಿಗೆ ಬಿಗಿದುಕೊಂಡು ಇಳಿಬಿದ್ದಿತ್ತು. ಅದಕ್ಕೆ ಎರಡು ಗಂಟು. ಮೊಣಕಾಲು ಸವೆದ ಮುದುಕಿ ಮೇಲಿನ ಗಂಟಿನಿಂದ ಕೆಳಗಿನ ಗಂಟಿಗೆ ಕೈ ಇಳಿಸುತ್ತ ಕೂರುವಳು, ಕೆಳಗಿನಿಂದ ಮೇಲಕ್ಕೆ ಏರಿಸುತ್ತ ಏಳುವಳು. ಅವಳಿಗೆ ಬಾಗಿಲ ಹೊರಗೆ ಯಾರೂ ಕಾಯುವಂತಿರಲಿಲ್ಲ. ಸೊಸೆ ಸುಮಲತಾ ಒಮ್ಮೆ ಕೈ ಕೊಡಲು ಹೋದಾಗ ಗದರಿಸಿದ್ದಳು.

"ಹಗ್ಗ ನನ್ನ ಕೈಯಾಗ ಇರೋ ತನಕ ನಾ ಯಾರ ಕೈಯಾಗೂ ಇಲ್ಲ. ನೀ ಹೋಗಿ ರೊಟ್ಟಿ ಬಡಿ ಹೋಗು."

ಸುಮಲತಾಳಿಗೆ ಅದೇ ಅನುಕೂಲ. ಮುಂಜಾನೆ ರೊಟ್ಟಿ ಬಡಿದು, ಪಲ್ಯ ಮಾಡಿ, ನಳ ಬಂದ ದಿನ ನೀರು ತುಂಬಿ, ಕಮಲಾಪುರದ ರಸ್ತೆಯ ರೆಸಾರ್ಟಿನ ವ್ಯಾನು ಹತ್ತಬೇಕು. ಅಲ್ಲಿ ಅವಳದು ಹೌಸ್‌ಕೀಪಿಂಗ್ ಕೆಲಸ. ಹಂಪಿ ನೋಡಲು ಬಂದವರು ಇಳಿದುಕೊಳ್ಳುವ ಕೋಣೆಗಳ ಹಾಸಿಗೆ ಬದಲಿಸಬೇಕು, ಬಚ್ಚಲು ಉಜ್ಜಬೇಕು, ಟವೆಲ್ಲನ್ನು ಹಂಸದ ಹಾಗೆ ಮಡಚಿ ಇಡಬೇಕು. ಗೇಟಿನ ಫಲಕದಲ್ಲಿ ರೆಸಾರ್ಟಿನ ಹೆಸರಿಗಿಂತ ದೊಡ್ಡದಾಗಿ 'ಲಕ್ಸುರಿ' ಎಂದು ಬರೆದಿತ್ತು.

ಹುಸೇನಪ್ಪ ಟೈಲ್ಸ್ ಮೇಸ್ತ್ರಿ. ಅವನ ಬಾಯಲ್ಲೂ ಅದೇ ಮಾತು. ಗಿರಾಕಿಯ ಮುಂದೆ ನಿಂತಾಗ, "ಇದನ್ನ ಹಾಕಿಸ್ರಿ ಸರ್, ಮಸ್ತ್ ಲಕ್ಸುರಿ ಕಾಣ್ತೈತಿ" ಎನ್ನುವನು. ಅದೇ ಮಾತನ್ನು ಮನೆಯಲ್ಲಿ ಬೈಗುಳದ ಹಾಗೆ ಆಡುವನು. ಮಗಳು ಪಲ್ಲವಿ ಶಾಲೆಯ ಮಕ್ಕಳ ನೋಟ್ಸು ತಿದ್ದಲು ಮೇಜು ಬೇಕೆಂದರೆ, "ಅದೆಲ್ಲ ಲಕ್ಸುರಿ." ಸುಮಲತಾ ಮಿಕ್ಸಿ ಹಳೆಯದಾಯಿತೆಂದರೆ, "ಕಲ್ಲಿನ್ಯಾಗ ರುಬ್ಬಿದ್ರ ಕೈ ಸವೀತೈತೇನು? ಲಕ್ಸುರಿ!"

ಒಂದು ಸಂಜೆ ಎಲ್ಲರೂ ಉಣ್ಣಲು ಕೂತಾಗ ಸುಮಲತಾ ಬಡಿಸುತ್ತ ಹೇಳಿದಳು. "ಇವತ್ತು ನಮಗೆ ಟ್ರೈನಿಂಗ್ ಇತ್ತು. ಸಂಘಮಿತ್ರಾ ಮೇಡಂ ಒಬ್ಬೊಬ್ಬರನ್ನ ಎಬ್ಬಿಸಿ ಕೇಳಿದ್ರು, ಲಕ್ಸುರಿ ಅಂದ್ರ ಏನು ಅಂತ."

"ನೀ ಏನಂದಿ?" ಎಂದ ಹುಸೇನಪ್ಪ.

"ಎಸಿ ಅಂದೆ."

ಪಲ್ಲವಿ ಕಿಸಕ್ಕನೆ ನಕ್ಕಳು. ಖಾಸಗಿ ಶಾಲೆಯಲ್ಲಿ ಟೀಚರ್ ಅವಳು. "ಪೇಪರ್‌ನ್ಯಾಗ ಐಷಾರಾಮಿ ಅಂತ ಬರೀತಾರಲ್ಲಮ್ಮ. ಐಷಾರಾಮಿ ಕಾರು, ಐಷಾರಾಮಿ ಬಂಗಲೆ. ಮೇಡಂ ಏನಂದ್ರು?"

"ಗೆಸ್ಟು ಬಾಯಿ ಬಿಟ್ಟು ಕೇಳೋದ್ರೊಳಗ ಅದು ಅಲ್ಲಿ ಇರಬೇಕಂತ. ಕೇಳಿದ ಮ್ಯಾಲೆ ಕೊಟ್ರ ಬರೀ ಸರ್ವಿಸು. ಕೇಳೋಕಿಂತ ಮೊದ್ಲ ಕೊಟ್ರ ಲಕ್ಸುರಿ."

"ಬಣ್ಣದ ಮಾತು," ಎಂದ ಹುಸೇನಪ್ಪ, ಪುಂಡಿಪಲ್ಯಕ್ಕೆ ರೊಟ್ಟಿ ಅದ್ದುತ್ತ. "ಬೇಕಾಗಿದ್ದಕ್ಕಿಂತ ಹೆಚ್ಚಿಗಿ ಇದ್ರ ಲಕ್ಸುರಿ. ಅಷ್ಟ."

ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ ಉಚ್ಚೆಂಗಮ್ಮ ಬಾಯೊಳಗಿನ ತುತ್ತು ನುಂಗಿ, "ಲಕ್ಸುರಿ ನಂಗೊತ್ತು," ಎಂದಳು.

"ನಿನಗ್ಹೆಂಗ ಗೊತ್ತಜ್ಜಿ?"

"ಚೋರನೂರಿಗೆ ಕೆಂಪು ಬಸ್ಸು ಬರ್ತಿತ್ತು, ನಿಲ್ತಿತ್ತು. ಇನ್ನೊಂದು ಬಸ್ಸಿತ್ತು, ಹಣಿ ಮ್ಯಾಲೆ ಸೆಮಿ ಲಕ್ಸುರಿ ಅಂತ ಬರಕೊಂಡು ಬರ್ತಿತ್ತು. ನಿಮ್ಮಜ್ಜ ಓದಿ ಹೇಳ್ತಿದ್ದ. ಕೈ ಮಾಡಿದ್ರ ಮಾರಿ ತುಂಬ ಧೂಳ ಹಾರಿಸಿ ಹೋಗಿಬಿಡ್ತಿತ್ತು. ನಮ್ಮೂರಾಗ ನಿಲ್ಲದ್ದು ಲಕ್ಸುರಿ. ಇನ್ನೇನೈತಿ ಅದ್ರಾಗ?"

ಎಲ್ಲರೂ ನಕ್ಕರು. ಆ ಮನೆಯಲ್ಲಿ ನಾಲ್ವರೂ ಒಟ್ಟಿಗೆ ಹಾಗೆ ನಕ್ಕಿದ್ದು ಅದೇ ಕೊನೆ.

ಅದಾದ ವಾರದೊಳಗೆ ಹುಸೇನಪ್ಪನ ಅಕ್ಕ ದುರ್ಗಕ್ಕ ಮೆಟ್ರಿಯಿಂದ ಬಂದಿಳಿದಳು. ಅವಳ ಚೀಲದಲ್ಲಿ ಬಾಳೆಹಣ್ಣು, ಬಾಯಲ್ಲಿ ಪಲ್ಲವಿಗೊಂದು ಸಂಬಂಧ.

"ಹುಡುಗ ನಮ್ಮ ಮೆಟ್ರಿಯವನ, ಹೆಸರು ಪಂಪೇಶ್. ಸ್ಟೀಲ್ ಪ್ಲಾಂಟಿನ್ಯಾಗ ಇಂಜಿನಿಯರ್. ಅಪ್ಪ ದೊಡ್ಡಬಸಪ್ಪ ಭಾಳ ಸಮಾಧಾನದ ಮನುಷ್ಯ. ಕಾಲುವಿ ನೀರಿನ ಗದ್ದಿ ಐತಿ. ಹುಡುಗಿ ಫೋಟೋ ನೋಡಿ ಹುಡುಗ ಒಪ್ಪ್ಯಾನ. ಆದ್ರ ತಾಯಿ ಲಕ್ಷ್ಮಕ್ಕ ಅದಾಳಲ್ಲ..." ದುರ್ಗಕ್ಕ ದನಿ ತಗ್ಗಿಸಿದಳು. "ಆಕಿ ಬಚ್ಚಲು ನೋಡ್ತಾಳ."

"ಬಚ್ಚಲಾ?"

"ಹ್ಞೂಂ ಮತ್ತ. ಕಂಪ್ಲಿಯಾಗ ಒಂದು ಹುಡುಗಿ ನೋಡಿದ್ರು, ಎಲ್ಲ ಒಪ್ಪಿತ್ತು. ಹೊಂಟಾಗ ಕೈ ತೊಳಕೊಂಡು ಬರ್ತೀನಿ ಅಂತ ಹಿತ್ತಲಕ್ಕ ಹೋದ್ಲು, ಮೂಗಿಗೆ ಸೆರಗು ಹಿಡಕೊಂಡು ಬಂದ್ಲು. ಮುಗೀತು. ಬಚ್ಚಲು ನೋಡಿದ್ರ ಮನಿ ಗೊತ್ತಾಗ್ತೈತಿ ಅಂದ್ಲಂತ."

ಎಲ್ಲರ ಕಣ್ಣೂ ಹಿತ್ತಲ ಕಡೆ ಹೋಯಿತು. ಕರಿ ಹಿಡಿದ ಸಿಮೆಂಟು ನೆಲ, ತೂತುಬಿದ್ದ ತಗಡು, ನಡುವೆ ನೇತಾಡುವ ಹಗ್ಗ.

"ನಾಕೂರಿಗೆ ಬಚ್ಚಲು ಮಾಡಿಕೊಡೋ ಮೇಸ್ತ್ರಿ ನೀನು," ಎಂದಳು ದುರ್ಗಕ್ಕ ತಮ್ಮನಿಗೆ. "ನಿನ್ನ ಬಚ್ಚಲಾಗ ಎತ್ತು ಕಟ್ಟೋ ಹಗ್ಗ! ನಾಚಿಕಿ ಬರಂಗಿಲ್ಲೇನು?"

ಹುಸೇನಪ್ಪನಿಗೆ ಮಾತು ನಾಟಿತು. ಸಂಡೂರಿನಲ್ಲಿ ಗಣಿ ಧಣಿಯೊಬ್ಬನ ಬಂಗಲೆಗೆ ಹಾಸಿ ಉಳಿದ ಟೈಲ್ಸ್ ಪೆಟ್ಟಿಗೆಗಳನ್ನು ಆ ಮನೆಯವರು ಅವನಿಗೇ ಬಿಟ್ಟುಕೊಟ್ಟಿದ್ದರು. ಅವನ್ನು ಮಾರಬೇಕೆಂದುಕೊಂಡಿದ್ದವನು ಮನೆಗೆ ತಂದ. ಬಿಳಿಯ ಮೇಲೆ ಬಂಗಾರದ ಎಳೆ, ಮುಖ ಕಾಣುವಷ್ಟು ಹೊಳಪು. ಎರಡು ವಾರ ಕೆಲಸದಿಂದ ಬಂದ ಮೇಲೆಯೂ ಮನೆಯಲ್ಲಿ ಕೆಲಸ ಮಾಡಿದ. ಗೋಡೆ ಎತ್ತರಿಸಿದ, ಕಮೋಡು ಕೂಡಿಸಿದ, ಕೈಯಲ್ಲಿ ಹಿಡಿಯುವ ಷವರು ಹಾಕಿದ. ಅಷ್ಟು ದಿನವೂ ಮುದುಕಿ ಪಕ್ಕದ ಮನೆಯ ಸಂಡಾಸಿಗೆ ಮೊಮ್ಮಗಳ ಭುಜ ಹಿಡಿದು ಹೋಗಿಬಂದಳು. ಆ ದಿನಗಳಲ್ಲಿ ಅವಳು ಸಂಜೆಯ ಚಹಾ ಬಿಟ್ಟಿದ್ದನ್ನು ಯಾರೂ ಗಮನಿಸಲಿಲ್ಲ.

ನೆಲಕ್ಕೆ ಟೈಲ್ಸ್ ಹಾಸುವಾಗ ಸುಮಲತಾ ಬಾಗಿಲಲ್ಲಿ ನಿಂತು ಕೇಳಿದಳು. "ಇವು ಗ್ವಾಡಿ ಟೈಲ್ಸ್ ಅಲ್ರೀ? ನಮ್ಮ ರೆಸಾರ್ಟಿನ್ಯಾಗ ನೆಲಕ್ಕ ಒರಟು ಹಾಕ್ಯಾರ. ಇದು ಜಾರಂಗಿಲ್ಲೇನು?"

"ಒಣಗಿದ್ರ ಯಾಕ ಜಾರ್ತೈತಿ? ಒರೆಸಿ ಇಡು. ಒರಟು ಹಾಕಿದ್ರ ಲುಕ್ ಬರಂಗಿಲ್ಲ."

ಕೊನೆಗೆ ಅವನು ಪೈಪಿನ ಮೇಲಿನ ಹಗ್ಗಕ್ಕೆ ಕೈ ಹಾಕಿದಾಗ ಉಚ್ಚೆಂಗಮ್ಮ ಹಿತ್ತಲ ಕಟ್ಟೆಯಿಂದ ಕೂಗಿದಳು.

"ಲೇ ಹುಸೇನಿ! ಅದನ್ನ ಯಾಕ ಬಿಚ್ಚಾಕ ಹತ್ತಿ? ಅದೇನು ನಿನ್ನ ಕೈ ಕಚ್ಚೈತೇನು?"

"ಕಮೋಡು ಬೇ ಇದು. ಕುರ್ಚಿ ಮ್ಯಾಲೆ ಕುಂತಂಗ ಕುಂದ್ರೋದು. ಇನ್ನ ಹಗ್ಗ ಯಾಕ?"

"ಕುಂದ್ರಾಕ ಬ್ಯಾಡಪ್ಪ. ಒಳಗ ಹೋಗಾಕ, ಹೊರಗ ಬರಾಕ ಏನ್ ಹಿಡೀಲಿ?"

"ರಾಣಿಯಂಗ ಕುಂದ್ರಬೇ, ಲಕ್ಸುರಿ ಮಾಡೀನಿ ನಿನಗ."

"ನನಗಲ್ಲಲೇ ನೀ ಮಾಡಿದ್ದು," ಎಂದಳು ಮುದುಕಿ.

ಸುಮಲತಾ ನಡುವೆ ಬಂದಳು. "ವಯಸ್ಸಾದೋರ ರೂಮಿಗೆ ಗ್ವಾಡಿಗೆ ಸ್ಟೀಲ್ ಹಿಡಿಕಿ ಹಾಕಿರ್ತಾರ. ಅಂಥದೊಂದು ಹಾಕ್ರಿ ಮತ್ತ."

"ಹಾಕ್ತೀನಿ. ಈಗ ಡ್ರಿಲ್ ಹೊಡದ್ರ ಟೈಲ್ಸು ಬಿರುಕು ಬಿಡ್ತೈತಿ. ಇನ್ನೂ ಹಸಿ ಐತಿ. ಅವರು ಬಂದು ಹೋಗ್ಲಿ."

ಅವಳು ಮತ್ತೆ ಕೇಳಲಿಲ್ಲ. ಆ ಬಿಳಿ ಗೋಡೆಯಲ್ಲಿ ಒಂದು ಗೀರೂ ಇರದಿದ್ದುದು ಅವಳ ಕಣ್ಣಿಗೂ ಹಬ್ಬವಾಗಿತ್ತು. ಇಷ್ಟು ವರ್ಷ ಊರವರ ಬಚ್ಚಲು ತಿಕ್ಕಿದವಳು. ತನ್ನ ಮನೆಯದನ್ನೂ ಹಾಗೇ ತಿಕ್ಕಿ, ಟವೆಲ್ಲಿನ ಹಂಸ ಮಾಡಿಟ್ಟು, ಬಾಗಿಲಲ್ಲಿ ನಿಂತು ನೋಡಿದ್ದಳು. ಹಗ್ಗ ಟೈಲ್ಸ್ ಸಾಗಿಸುವ ಲಗೇಜ್ ಆಟೋದ ಪಾಲಾಯಿತು.

ಮೆಟ್ರಿಯವರು ಬರುವುದು ಭಾನುವಾರವೆಂದು ಆಯಿತು. ಮುಂಜಾನೆಯೇ ಮನೆಯಲ್ಲಿ ಮಂಡಾಳಿನ ಒಗ್ಗರಣೆ, ಮಿರ್ಚಿ, ಕೇಸರಿಬಾತಿನ ಗದ್ದಲ. ಪಲ್ಲವಿ ಸೀರೆ ಉಡಿಸಿಕೊಳ್ಳಲು ಬ್ಯೂಟಿ ಪಾರ್ಲರಿಗೆ ಹೋಗಿದ್ದಳು. ಹುಸೇನಪ್ಪ ಕುರ್ಚಿ ತರಲು ಹೋಗಿದ್ದ. ಸುಮಲತಾ ಬಚ್ಚಲಿನ ನೆಲಕ್ಕೆ ಸೋಪಿನ ನೀರು ಸುರಿದು ಉಜ್ಜಿದಳು. ಇನ್ನು ಒಣಬಟ್ಟೆ ಹಿಡಿದು ಒರೆಸುವುದಷ್ಟೇ ಬಾಕಿ, ಅಷ್ಟರಲ್ಲಿ ಕೇಸರಿಬಾತು ತಳ ಹಿಡಿದ ವಾಸನೆ ಬಂತು. ಒಣಬಟ್ಟೆಯನ್ನು ಬಾಗಿಲ ಮೇಲೆ ಎಸೆದು ಒಲೆಯ ಕಡೆ ಓಡಿದಳು.

ಸದ್ದು ದೊಡ್ಡದೇನೂ ಆಗಲಿಲ್ಲ. ಜೋಳದ ಚೀಲ ಇಳಿಸಿದಂತೆ ಒಂದು ಸದ್ದು.

ಉಚ್ಚೆಂಗಮ್ಮ ಬಲಮಗ್ಗುಲಾಗಿ ಬಿದ್ದಿದ್ದಳು. ಒಂದು ಕೈ ಇನ್ನೂ ಮೇಲಕ್ಕೇ ಇತ್ತು, ಮುಷ್ಟಿ ಕಟ್ಟಿಕೊಂಡು.

"ಹಗ್ಗಕ್ಕ ಕೈ ಹಾಕಿದೆ," ಎಂದಳು.

"ನನ್ನ ಕರೀಬಾರದಿತ್ತೇನ್ರಿ ಅತ್ತಿ?"

"ನಿನಗ ನೂರೆಂಟು ಕೆಲಸ."

ಕುರ್ಚಿ ಹೊತ್ತು ಬಂದ ಹುಸೇನಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತ. ತಾಯಿಯ ಕಾಲು ಹೊರಕ್ಕೆ ತಿರುಗಿಕೊಂಡಿದ್ದುದನ್ನು ನೋಡಿದ; ಮುಟ್ಟಲು ಹೋದವನು ಕೈ ಹಿಂದೆಗೆದ. ಅಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು. ದುರ್ಗಕ್ಕ.

"ಕಮಲಾಪುರ ದಾಟಿದ್ವಲೇ. ಬಂದ್ವಿ. ಲಕ್ಷ್ಮಕ್ಕ ಭಾಳ ಖುಷಿಯಾಗ್ಯಾಳ."

ಅವನು ಫೋನನ್ನು ಹಿಡಿದುಕೊಂಡೇ ಹೆಂಡತಿಯ ಮುಖ ನೋಡಿದ. "ಆಟೋ ಕರೀಲೇನು?"

ಸುಮಲತಾ ಉತ್ತರ ಕೊಡಬಹುದಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಹೊರಗೆ ಪಲ್ಲವಿಯ ಗೆಜ್ಜೆ ಸದ್ದಾಯಿತೇನೋ ಎಂದು ಕಿವಿ ಅತ್ತ ಹೋಯಿತು. ಉಚ್ಚೆಂಗಮ್ಮನೇ ಮಾತಾಡಿದಳು.

"ಎಲ್ಲಿಗೂ ಬ್ಯಾಡ. ಒಳಗ ಮಲಗಿಸ್ರಿ. ಕೂಸಿನ ಮಾತುಕತಿ ಐತಿ. ಅವರು ಬಂದು ಹೋಗ್ಲಿ."

"ಉಳುಕಿರಬೇಕು," ಎಂದ ಹುಸೇನಪ್ಪ ಯಾರಿಗೂ ಅಲ್ಲದಂತೆ. "ಉಳುಕೇ ಇರಬೇಕು."

ಕಂಬಳಿಯ ಮೇಲೆ ಹೊರಳಿಸಿ, ಗಂಡ ಹೆಂಡತಿ ಎರಡೂ ತುದಿ ಹಿಡಿದು ಒಳಕೋಣೆಗೆ ಹೊತ್ತರು. ಎತ್ತುವಾಗ ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಪಲ್ಲವಿ ಬಂದಾಗ ಸುಮಲತಾ ಹೇಳಿದ್ದು ಒಂದೇ ಮಾತು. "ಅಜ್ಜಿಗೆ ಜ್ವರ ಬಂದೈತಿ, ಮಲಗ್ಯಾಳ. ಮಾತಾಡಸಬ್ಯಾಡ."

ಬಂದವರು ಕೂತರು, ಮಿರ್ಚಿ ತಿಂದರು, ಹುಡುಗಿಯನ್ನು ನೋಡಿದರು. ಲಕ್ಷ್ಮಕ್ಕ ಕೈ ತೊಳೆಯಲು ಎದ್ದಳು. ಸುಮಲತಾ ಅಷ್ಟರೊಳಗೆ ನೆಲವನ್ನು ಒಣಬಟ್ಟೆಯಲ್ಲಿ ಎರಡು ಸಲ ಒರೆಸಿಟ್ಟಿದ್ದಳು. ಲಕ್ಷ್ಮಕ್ಕ ಮರಳಿ ಬಂದಾಗ ಮುಖ ಅರಳಿತ್ತು.

"ಲಕ್ಸುರಿ ಮಾಡಿಬಿಟ್ಟೀರಲ್ರಿ ಬೀಗರೆ! ನಮ್ಮನ್ಯಾಗೂ ಇಂಥದಿಲ್ಲ."

'ಬೀಗರೆ' ಎಂದ ಕೂಡಲೇ ದುರ್ಗಕ್ಕ ತಮ್ಮನ ಬೆನ್ನಿಗೆ ಗುದ್ದಿದಳು. ಹುಸೇನಪ್ಪ ನಗಲು ಹೋಗಿ ಕೆಮ್ಮಿದ.

ಆಗ ದೊಡ್ಡಬಸಪ್ಪ ಕೇಳಿದ. "ಮನ್ಯಾಗ ಹಿರೇರು ಅದಾರಂತಲ್ಲ? ಹುಡುಗ ಹುಡುಗಿ ಅವರ ಕಾಲಿಗೆ ಬೀಳ್ಲಿ. ಶುಭ ಆಗ್ತೈತಿ."

ಒಳಕೋಣೆಯ ಬಾಗಿಲು ತೆರೆಯಲೇಬೇಕಾಯಿತು. ಉಚ್ಚೆಂಗಮ್ಮ ಎದೆಯತನಕ ಕಂಬಳಿ ಹೊದ್ದು ಮಲಗಿದ್ದಳು. ಹಣೆಯ ಮೇಲೆ ಬೆವರಿತ್ತು. "ಜ್ವರ ಬಂದೈತ್ರಿ ಯಪ್ಪ, ಏಳಾಕಾಗಂಗಿಲ್ಲ. ತಪ್ಪು ತಿಳಕೋಬ್ಯಾಡ್ರಿ," ಎಂದಳು, ದನಿ ಒಂಚೂರೂ ನಡುಗದಂತೆ. ಸುಮಲತಾ ತಲೆದೆಸೆಯಲ್ಲಿ ಕೂತಳು. ಕಂಬಳಿಯ ಅಂಚಿನಿಂದ ಮುದುಕಿಯ ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು.

ಪಂಪೇಶ್ ಕಂಬಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಪಲ್ಲವಿ ಅಜ್ಜಿಯ ಮುದ್ದಿನವಳು. ಅವಳು ಎರಡೂ ಕೈಯಲ್ಲಿ ಪಾದ ಹಿಡಿದು, ಭಾರ ಬಿಟ್ಟು, ಕಾಲಿನ ಮೇಲೆ ಹಣೆಯಿಟ್ಟಳು.

ಸುಮಲತಾಳ ಗಾಜಿನ ಬಳೆ ಚಟ್ಟೆಂದಿತು. ಮುರಿದ ಚೂರು ಅವಳ ಚರ್ಮಕ್ಕೇ ಹೊಕ್ಕಿತು. ಅವಳು ಸೆರಗನ್ನು ಮುಂದೆ ಎಳೆದುಕೊಂಡಳು. ಹಗ್ಗ ಹಿಡಿಯುವ ಹಿಡಿತ ಎಂಥದೆಂದು ಅವಳಿಗೆ ತಿಳಿದದ್ದು ಅವತ್ತು.

"ನೂರು ಕಾಲ ಬಾಳವ್ವ," ಎಂದಳು ಉಚ್ಚೆಂಗಮ್ಮ.

ಆಸ್ಪತ್ರೆಗೆ ಕರೆದೊಯ್ದಾಗ ಸಂಜೆಯಾಗಿತ್ತು. ತೊಡೆಯ ಮೇಲ್ತುದಿಯ ಎಲುಬು ಮುರಿದಿತ್ತು. "ಯಾವಾಗ ಬಿದ್ರು?" ಎಂದು ಡಾಕ್ಟರು ಕೇಳಿದಾಗ ಹುಸೇನಪ್ಪ, "ಈಗ ಸರ್, ಒಂದು ತಾಸಾತು," ಎಂದ. ಪಲ್ಲವಿಗೂ ಅದನ್ನೇ ಹೇಳಿದ್ದರು. ಆಪರೇಷನ್ ಆಗಬೇಕು, ಆದರೆ ಎದೆಯ ಪರೀಕ್ಷೆ ಸರಿ ಬರಲಿಲ್ಲ. ಮತ್ತು ಬರುವ ಮದ್ದು ಕೊಟ್ಟು ಮಲಗಿಸಿದರೆ ಎದ್ದೇಳುವ ನಂಬಿಕೆಯಿಲ್ಲ ಎಂದರು. ಮನೆಯಲ್ಲೇ ಮಲಗಿಸಿ, ನೀರು ಚೆನ್ನಾಗಿ ಕುಡಿಸಿ, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳಿ ಎಂದು ಕಳಿಸಿದರು.

ಮರುವಾರ ಹುಸೇನಪ್ಪ ಯಾರೂ ಹೇಳದೆ ಡ್ರಿಲ್ ತಂದು ಬಚ್ಚಲಿನ ಗೋಡೆಗೆ ಸ್ಟೀಲ್ ಹಿಡಿಕೆ ಕೂಡಿಸಿದ. ಒಂದು ಟೈಲ್ಸು ಬಿರುಕು ಬಿಟ್ಟಿತು. ಅಷ್ಟೇ. ಆ ಹಿಡಿಕೆಯ ಮೇಲೆ ಈಗ ಮನೆಯವರು ಟವೆಲ್ ಹಾಕುತ್ತಿದ್ದರು.

ಸುಮಲತಾಳ ದಿನ ಎರಡು ಪಾಳಿಯದಾಯಿತು. ರೆಸಾರ್ಟಿನ ಬಚ್ಚಲುಗಳನ್ನು ಮುಗಿಸಿ ಬಂದು ಅತ್ತೆಯ ಹಾಸಿಗೆಯ ಕೆಲಸ. ಬೆಡ್‌ಪ್ಯಾನು ತುರುಕಲು ಮುದುಕಿಯ ಸೊಂಟ ಎತ್ತಬೇಕು, ಎತ್ತಿದರೆ ಪ್ರಾಣ ಹೋದಂತೆ ನೋವು. ಉಚ್ಚೆಂಗಮ್ಮ ಅದಕ್ಕೆ ತನ್ನದೇ ಉಪಾಯ ಕಂಡುಕೊಂಡಳು. ನೀರು ಬಿಟ್ಟಳು.

"ಇದೇನ್ರಿ ಅತ್ತಿ, ಮುಂಜಾನಿ ಇಟ್ಟ ಚೊಂಬು ಹಂಗ ಐತಿ?"

"ದಾಹ ಇಲ್ಲ."

"ಡಾಕ್ಟ್ರು ಹೇಳ್ಯಾರ. ಉರಿ ಮೂತ್ರ ಆಗ್ತೈತಿ, ಜ್ವರ ಬರ್ತೈತಿ. ಒಂದು ಲೋಟ ಕುಡೀರಿ."

"ಕುಡಿದ್ರ ಮತ್ತ ನಿನ್ನ ಕರೀಬೇಕು. ಅಲ್ಲಿ ಯಾರ್ಯಾರದೋ ತೊಳದು ಬಂದಿರ್ತಿ. ಇಲ್ಲಿ ನಂದು."

"ನಾ ಬ್ಯಾಡ ಅಂದೀನೇನು?"

"ನೀ ಅಂದಿಲ್ಲ. ನಾ ಅಂತೀನಿ."

ಬಾಯಿ ಒಣಗಿ ತುಟಿ ಸಿಪ್ಪೆಯೆದ್ದಿತು. ಜ್ವರ ಬಂತು, ಹೋಯಿತು, ಮತ್ತೆ ಬಂತು. ಒಂದು ಮಧ್ಯಾಹ್ನ ಪಲ್ಲವಿ ಶಾಲೆಯಿಂದ ಬಂದು ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚಲು ಕೂತಳು. ಕೈ ಸೋಕಿದ್ದೇ ಜ್ವರದ ಕನವರಿಕೆಯಲ್ಲಿ ಮುದುಕಿ ಅಂದುಬಿಟ್ಟಳು. "ಈ ಕಾಲು ಬ್ಯಾಡವ್ವ. ಅವತ್ತೂ ಇದ ಕಾಲಿಗೇ ಹಣಿ ಹಚ್ಚಿದಿ."

ಸುಮಲತಾ ವ್ಯಾನಿನಿಂದ ಇಳಿದು ಬಂದಾಗ ಮಗಳು ಹೊಸ್ತಿಲಲ್ಲೇ ನಿಂತಿದ್ದಳು.

"ಅಮ್ಮ, ಅಜ್ಜಿ ಬಿದ್ದಿದ್ದು ಅವರು ಹೋದ ಮ್ಯಾಲೆ ಅಲ್ಲ."

ಸುಮಲತಾ ಚಪ್ಪಲಿ ಬಿಡುತ್ತಲೇ ಇದ್ದಳು.

"ಮಾತಾಡಮ್ಮ! ಎಲುಬು ಮುರಿದ ಕಾಲಿನ ಮ್ಯಾಲೆ ನನ್ನ ತಲಿ ಇಡಿಸಿದ್ರಲ್ಲ. ನಿಮಗ ಬಾಯಿ ಇರಲಿಲ್ಲೇನು?"

"ನಿಮ್ಮಜ್ಜಿನೇ ಬ್ಯಾಡ ಅಂದ್ಲು."

"ಆಕಿ ಯಾವತ್ತು ಬೇಕು ಅಂದಾಳ? ಬ್ಯಾಡ ಅಂದಿದ್ದು ಭಾಳ ಚಂದ ಕೇಳ್ತೈತಿ ನಿಮಗ!"

ಒಳಗಿದ್ದ ಹುಸೇನಪ್ಪ ಎದ್ದು ಬಂದ. "ಯಾರಿಗಾಗಿ ಮಾಡಿದ್ವಿ? ನಿನಗಾಗಿ ಅಲ್ಲೇನು?"

"ನಾ ಬಚ್ಚಲು ಕೇಳಿದ್ನೇನಪ್ಪ? ಒಂದು ಮೇಜು ಕೇಳಿದ್ದೆ. ಅದು ಲಕ್ಸುರಿ ಅಂದಿ."

ಹುಸೇನಪ್ಪ ಕೈಯೆತ್ತಿದ. ಎತ್ತಿದ ಕೈಯನ್ನು ತಲೆಗೆ ಹಚ್ಚಿಕೊಂಡು ಹೊರಗೆ ಹೋಗಿಬಿಟ್ಟ. ಪಲ್ಲವಿ ಹಿತ್ತಲಿಗೆ ಹೋಗಿ ಪಂಪೇಶನಿಗೆ ಫೋನು ಮಾಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳೆಂದು ಸುಮಲತಾಳಿಗೆ ಅಡುಗೆಮನೆಯ ಕಿಟಕಿಯಿಂದಲೇ ಗೊತ್ತಾಯಿತು. ಮಗಳು ಒಳಗೆ ಬಂದಾಗ ಮುಖದಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ.

"ಏನಂದ್ರು?"

"ಪಾಪ ಅಂದ್ರು. ಆಮೇಲೆ, ನಮ್ಮಮ್ಮಗ ಮಾತ್ರ ಹೇಳಬ್ಯಾಡ ಅಂದ್ರು."

ಅವತ್ತಿನಿಂದ ಪಲ್ಲವಿ ಮದುವೆಯ ಮಾತಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಶಾಲೆಯಿಂದ ಬಂದವಳೇ ಬೆಡ್‌ಪ್ಯಾನು ತೊಳೆಯುವಳು.

ಹುಸೇನಪ್ಪ ಮೂರ್ನಾಲ್ಕು ದಿನ ಕತ್ತಲಾದ ಮೇಲೆಯೇ ಮನೆಗೆ ಬಂದ. ಒಂದು ಸಂಜೆ ಲಗೇಜ್ ಆಟೋದ ಹನುಮಣ್ಣನನ್ನು ಹುಡುಕಿಕೊಂಡು ಹೋಗಿ ಹಗ್ಗ ಬಿಚ್ಚಿಸಿಕೊಂಡು ಬಂದ. ಅದರ ತುಂಬ ಟೈಲ್ಸಿನ ಬಿಳಿ ಸಿಮೆಂಟು ಮೆತ್ತಿತ್ತು. ಹಿತ್ತಲಲ್ಲಿ ಕೂತು ತಿಕ್ಕಿ ತೊಳೆದ. ಪಡಸಾಲೆಯ ಸೂರಿನಲ್ಲಿ ಪಲ್ಲವಿಯ ತೊಟ್ಟಿಲಿಗೆಂದು ಸ್ಲ್ಯಾಬು ಹಾಕುವಾಗಲೇ ಬಿಟ್ಟ ಕಬ್ಬಿಣದ ಕೊಂಡಿ ಇತ್ತು. ತಾಯಿಯ ಮಂಚವನ್ನು ಅದರ ಕೆಳಗೆ ಎಳೆದು, ಸ್ಟೂಲು ಹತ್ತಿ, ಹಗ್ಗ ಬಿಗಿದು, ಎರಡು ಗಂಟು ಹಾಕಿದ.

ಉಚ್ಚೆಂಗಮ್ಮ ಬಹಳ ಹೊತ್ತು ಅದನ್ನೇ ನೋಡಿದಳು.

"ತೊಟ್ಟಿಲ ಕೊಂಡಿಗೆ ನನ್ನ ಕಟ್ಟಿದ್ಯೇನಲೇ? ಜೋಗುಳ ಯಾರು ಹಾಡವ್ರು?"

"ಹಿಡಿ ಬೇ," ಎಂದ ಅವನು.

ಅವಳು ಹಿಡಿದಳು. ಹಲ್ಲು ಕಚ್ಚಿ ಜಗ್ಗಿದಳು. ಸೊಂಟ ಒಂದು ಗೇಣು ಮೇಲೆದ್ದಿತು. ಅಷ್ಟರಲ್ಲಿ ಸುಮಲತಾ ಬೆಡ್‌ಪ್ಯಾನು ಸರಿಸಿದಳು. ನೋವಾಯಿತು, ಆದರೆ ಎತ್ತಿದ್ದು ಮುದುಕಿಯದೇ ಕೈ. ಕೆಲಸ ಮುಗಿದ ಮೇಲೆ ಮುದುಕಿ ಏದುಸಿರು ಬಿಡುತ್ತ, "ನೀರು ಕೊಡು," ಎಂದಳು. ಒಂದು ಲೋಟ ಕುಡಿದು, "ಇನ್ನೊಂದು," ಎಂದಳು.

ಆ ದಿನಗಳಲ್ಲಿ ಜ್ವರ ಇಳಿಯಿತು. ಸುಮಲತಾ ಕೆಲಸಕ್ಕೆ ಹೋಗುವಾಗ ಚೊಂಬು ತುಂಬಿಟ್ಟು ಹೋದರೆ ಬರುವಷ್ಟರಲ್ಲಿ ಅದು ಬರಿದಾಗಿರುತ್ತಿತ್ತು. ಮುದುಕಿ ಮತ್ತೆ ಗದರಿಸಲು ಸುರುಮಾಡಿದಳು. "ಪುಂಡಿಪಲ್ಯಕ್ಕ ಉಪ್ಪು ಕಮ್ಮಿ, ಗೆಸ್ಟುಗಳಿಗೆ ಹಿಂಗ ಕೊಟ್ರ ಓಡಿ ಹೋಗ್ತಾರ."

ನಿಶ್ಚಿತಾರ್ಥದ ದಿನ ಗೊತ್ತಾಯಿತು. ಮೆಟ್ರಿಯವರ ಜೊತೆ ಕಂಪ್ಲಿಯ ನೆಂಟರೂ ಬರುವವರಿದ್ದರು. ಹಿಂದಿನ ದಿನವೇ ಬಂದ ದುರ್ಗಕ್ಕ ಪಡಸಾಲೆಗೆ ಕಾಲಿಟ್ಟವಳು ಅಲ್ಲೇ ನಿಂತಳು.

"ಯಪ್ಪ ಶಿವನೇ! ಶುಭಕಾರ್ಯದ ಮನ್ಯಾಗ ಸೂರಿಗೆ ಹಗ್ಗ ಇಳಿಬಿಟ್ಟೀರಿ! ನೋಡಿದವ್ರು ಏನಂತಾರ?"

"ಅವ್ವಗ ಏಳಾಕ ಅಕ್ಕ," ಎಂದ ಹುಸೇನಪ್ಪ.

"ತಗಿ ಅದನ್ನ. ಮಂಚ ಒಳಗ ಹಾಕು. ಮುದುಕಿ ಹಾಸಿಗಿ ಹಿಡಿದಾಳ ಅಂತ ಗೊತ್ತಾದ್ರ, ಈ ಮನ್ಯಾಗ ಸೂತಕ ಬರೋದೈತಿ, ಮುಂದಿನ ವರ್ಷ ನೋಡೂಣು ಅಂತಾಳ ಲಕ್ಷ್ಮಕ್ಕ. ಜ್ವರ ಇನ್ನೂ ಬಿಟ್ಟಿಲ್ಲ ಅಂದ್ರಾತು."

"ಒಳಗ ಕೊಂಡಿ ಇಲ್ಲತ್ತಿ," ಎಂದಳು ಪಲ್ಲವಿ. "ಹಗ್ಗ ಇಲ್ಲಂದ್ರ ಅಜ್ಜಿ ನೀರು ಕುಡಿಯಂಗಿಲ್ಲ."

"ಒಂದಿನ ಅಲ್ಲೇನ? ಅವರು ಬಂದು ಹೋಗೋ ತನಕ."

"ನಾ ಸೀರಿ ಉಡಂಗಿಲ್ಲ. ಹಗ್ಗ ಬಿಚ್ಚಿದ್ರ ನಾ ಹೊರಗ ಬರಂಗಿಲ್ಲ."

ಹುಸೇನಪ್ಪ ಸುಮಲತಾಳನ್ನು ನೋಡಿದ. ಬಚ್ಚಲಿನಲ್ಲಿ ಫೋನು ಹಿಡಿದು ನೋಡಿದ ಅದೇ ನೋಟ. ಸುಮಲತಾ ಮಗಳ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಈ ಮದುವೆ ತಪ್ಪಿದರೆ ಮಗಳಿಗೆ ಇನ್ನೊಂದು ಗಂಡು ಯಾವಾಗ ಬರುವುದೋ. ಬಂದರೂ ಆ ಗಂಡಿನ ತಾಯಿ ಏನು ನೋಡುವಳೋ. ಈ ಸಲವೂ ಮಾತು ಬಾಯಿಯವರೆಗೆ ಬಂತು. ನುಂಗಿದಳು.

ಮಂಚದಿಂದ ಉಚ್ಚೆಂಗಮ್ಮ ಮೊಮ್ಮಗಳನ್ನು ಕರೆದಳು. "ಬಾ ಇಲ್ಲಿ. ಹುಚ್ಚಿ ಹಂಗ ಆಡಬ್ಯಾಡ. ಆ ಹುಡುಗ ಒಳ್ಳೇವನೇನು?"

ಪಲ್ಲವಿ ಅಜ್ಜಿಯ ಮಗ್ಗುಲಲ್ಲಿ ಮುಖ ಹುದುಗಿಸಿದಳು.

"ಅವ್ವಗ ಹೆದರ್ತಾನ. ಹೆದರಲಿ. ನಿನಗೂ ಹೆದರ್ತಾನ." ಮುದುಕಿ ಮೊಮ್ಮಗಳ ತಲೆ ಸವರಿದಳು. ಆಮೇಲೆ ಮಗನ ಕಡೆ ತಿರುಗಿದಳು. "ಬಿಚ್ಚಪ್ಪ. ಗಂಟು ಬಿಗಿ ಐತಿ, ಸ್ಟೂಲು ಬರೋಬ್ಬರಿ ಇಡು. ನೀನೂ ಬಿದ್ದಗಿದ್ದಿ."

ಹುಸೇನಪ್ಪ ಸ್ಟೂಲು ಹತ್ತಿದ. ಗಂಟು ಬೇಗ ಬಿಚ್ಚಲಿಲ್ಲ. ಕೊನೆಗೆ ಹಗ್ಗ ಮಂಚದ ಮೇಲೆ ಬಿದ್ದಾಗ ಉಚ್ಚೆಂಗಮ್ಮ ಅದನ್ನು ಕೈಯಿಂದ ಕೈಗೆ ಸುತ್ತಿ ದಿಂಬಿನ ಕೆಳಗೆ ಇಟ್ಟುಕೊಂಡಳು. ಮಂಚ ಒಳಕೋಣೆಗೆ ಹೋಯಿತು. ಖಾಲಿ ಕೊಂಡಿಗೆ ದುರ್ಗಕ್ಕ ಚೆಂಡುಹೂವಿನ ಮಾಲೆ ಇಳಿಬಿಟ್ಟಳು.

ಮರುದಿನ ಮುಂಜಾನೆ ಪಲ್ಲವಿ ತಲೆ ಬಾಚಿಸಿಕೊಂಡಳು. ಸುಮಲತಾ ಚಹಾ ಕಾಯಿಸುವ ಮೊದಲು ಒಂದು ಲೋಟ ನೀರು ಹಿಡಿದು ಒಳಗೆ ಹೋದಳು. ಅತ್ತೆ ಕೇಳಿರಲಿಲ್ಲ. ಕೇಳುವ ಮೊದಲೇ ಒಯ್ದಿದ್ದಳು.

"ಅತ್ತಿ, ನೀರು."

ಉಚ್ಚೆಂಗಮ್ಮ ಲೋಟ ನೋಡಿದಳು. ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು.

"ಅಲ್ಲಿಡು. ಅವರು ಬಂದು ಹೋಗ್ಲಿ."

ಸುಮಲತಾ ಲೋಟದ ಮೇಲೆ ತಟ್ಟೆ ಮುಚ್ಚಿಟ್ಟಳು. ಬಾಗಿಲು ಮುಂದೆ ಮಾಡಿಕೊಂಡು ಹಿತ್ತಲಿಗೆ ಹೋದಳು. ಬಚ್ಚಲಿನ ನೆಲವನ್ನು ಇವತ್ತು ಮೊದಲು ಒಣಬಟ್ಟೆಯಲ್ಲೇ ಒರೆಸಿದಳು, ಮತ್ತೆ ಒರೆಸಿದಳು, ತನ್ನ ಮುಖ ಕಾಣುವ ತನಕ.